ತಿರುವಿ ನೋಡಿದಾಗ

ಯಾರಾದರೂ ಕಸೂತಿಯ ಸೀರೆ ತಂದು ತೋರಿಸಿದರೆ ನಮ್ಮ ಅಜ್ಜಿ ಮೊದಲು ಮಾಡುತ್ತಿದ್ದ ಕೆಲಸ ಸೆರಗನ್ನು ತಿರುವಿ ಹಾಕುವುದು. ಮೇಲಿನ ಗೋಪುರ, ತೇರು, ಆನೆ, ತುಳಸಿಕಟ್ಟೆಗಳ ಕಡೆ ಆಕೆಯ ಕಣ್ಣು ಹೋಗುತ್ತಿದ್ದುದು ಆಮೇಲೆ. "ಮಾರಿ ಎಲ್ಲಾರೂ ತೊಳಕೊಂಡ ಬರ್ತಾರ, ಬೆನ್ನ ತೋರಸ್ರಿ" ಅನ್ನುತ್ತಿದ್ದಳು. ಧಾರವಾಡದ ಕಸೂತಿ ಬಲ್ಲವರಿಗೆ ಈ ಮಾತಿನ ಅರ್ಥ ಹೇಳಬೇಕಾಗಿಲ್ಲ. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಸಮ ಕಾಣಬೇಕು. ದಾರಕ್ಕೆ ಗಂಟು ಹಾಕಿ ಸುರು ಮಾಡುವ ಹಾಗಿಲ್ಲ, ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸುತ್ತಲೇ ಹೋಗಬೇಕು. ಒಂದು ಎಳೆ ತಪ್ಪಿದರೆ ಹೋದ ದಾರ ಮರಳಿ ಬರುವಾಗ ತಾನು ಹೊರಟ ಜಾಗ ಸೇರುವುದಿಲ್ಲ. ಆ ತಪ್ಪು ಮುಂಭಾಗದಲ್ಲಿ ಒಮ್ಮೊಮ್ಮೆ ಮುಚ್ಚಿಹೋಗುತ್ತದೆ, ಹಿಂಭಾಗದಲ್ಲಿ ಮುಚ್ಚುವುದಿಲ್ಲ.

ಇಪ್ಪತ್ತು ವರ್ಷಗಳಿಂದ ನಾನು ನಮ್ಮೂರಿನ ವಾರಪತ್ರಿಕೆಯೊಂದಕ್ಕೆ ವಿಮರ್ಶೆ ಬರೆಯುತ್ತ ಬಂದಿದ್ದೇನೆ. ಹೆಚ್ಚಿನವು ಪುಸ್ತಕಗಳ ಮೇಲೆ, ಆಗೊಮ್ಮೆ ಈಗೊಮ್ಮೆ ಸಂಗೀತದ ಬೈಠಕ್ಕುಗಳ ಮೇಲೆ. ಅಜ್ಜಿಯ ಮಾತು ಈ ಕೆಲಸಕ್ಕೂ ಅನ್ವಯಿಸುತ್ತದೆಂದು ನನಗೆ ಹೊಳೆದದ್ದು ಮಾತ್ರ ಹೋದ ವರ್ಷ. ಹೊಳೆಸಿದ್ದು ಒಂದು ದುಂಡನೆಯ ಸ್ಟೀಲ್ ಡಬ್ಬಿ. ಅದನ್ನು ಕುರಿತೇ ಈ ಬರಹ. ಆ ಡಬ್ಬಿಯೊಳಗಿನ ವಿದ್ಯುತ್ ಮಂಡಲದ ಹೆಸರು ಫಝ್ ಫೇಸ್. ಎಲೆಕ್ಟ್ರಿಕ್ ಗಿಟಾರು ನುಡಿಸುವವರು ಕಾಲಿನಿಂದ ಒತ್ತಿ ಚಾಲೂ ಮಾಡುವ ಒಂದು ಸಾಧನ. ಅದಕ್ಕೆ ಪೆಡಲ್ ಎನ್ನುತ್ತಾರೆ. ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ಸಣ್ಣ ತಂತಿಯ ಸುರುಳಿ ಇರುತ್ತದೆ. ಮೇಲಿನ ತಂತಿ ಮಿಡಿದಾಗ ಆ ಸುರುಳಿಯಲ್ಲಿ ಚೂರೇ ಚೂರು ವಿದ್ಯುತ್ತು ಹುಟ್ಟಿ ಆಂಪ್ಲಿಫೈಯರಿಗೆ ಹೋಗುತ್ತದೆ. ನಡುದಾರಿಯಲ್ಲಿ ಈ ಡಬ್ಬಿ ಕೂತು ದನಿಯ ಗುಣವನ್ನೇ ಬದಲಿಸಿಬಿಡುತ್ತದೆ.

ನಾನು ಈ ಡಬ್ಬಿಯ ದನಿಯನ್ನು ಮೊದಲ ಸಲ ವಿಮರ್ಶಿಸಿದ್ದು ಒಂದೇ ಶಬ್ದದಲ್ಲಿ. "ಕರ್ಕಶ" ಎಂದಿದ್ದೆ. ಅದನ್ನು ಪತ್ರಿಕೆಯಲ್ಲಿ ಬರೆದಿರಲಿಲ್ಲ, ಮಗಳ ಮುಖಕ್ಕೇ ಹೇಳಿದ್ದೆ.

ಮಗಳು ಬೆಂಗಳೂರಿನ ನೌಕರಿ ಬಿಟ್ಟು ಮನೆಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಯಾಕೆ ಬಿಟ್ಟಳೆಂದು ಆಕೆ ಹೇಳಲಿಲ್ಲ, ನಾನು ಸರಿಯಾಗಿ ಕೇಳಲೂ ಇಲ್ಲ. ಸಂಜೆಯಾದರೆ ಮಾಳಿಗೆಯ ಕೋಣೆಯಿಂದ ಗಿಟಾರಿನ ದನಿ. ಗೆಳತಿಯಿಂದ ಎರವಲು ತಂದ ಪೆಡಲ್ ಹಾಕಿ ನುಡಿಸಿದಳೆಂದರೆ ಗೋಡೆಯ ಮೇಲಿನ ಫೋಟೋಗಳು ಗುಂಯ್‌ಗುಡುತ್ತಿದ್ದವು. ಬಾಜೂ ಮನೆಯವರು ಒಂದು ದಿನ ಕಾಂಪೌಂಡಿನ ಆ ಕಡೆಯಿಂದ, "ವೈನಿ, ನಿಮ್ಮ ಮನ್ಯಾಗ ಮಿಕ್ಸರ್ ಕೆಟ್ಟೈತೇನ್ರಿ?" ಎಂದು ಕೇಳಿದರು. ತಮಾಷೆಗೇ ಕೇಳಿದ್ದು. ನನಗೆ ಮಾತ್ರ ನಾಚಿಕೆಯಾಯಿತು. ಮಾಳಿಗೆ ಹತ್ತಿ, "ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿಯವರು ಹಾಡಿದ ಊರಾಗ ಇಂಥಾ ಕರ್ಕಶ ಬಾರಿಸಾಕ ಹೆಂಗ ಮನಸಾಕ್ಕೈತಿ ನಿನಗ?" ಎಂದುಬಿಟ್ಟೆ. ಆಕೆ ಏನೂ ಅನ್ನಲಿಲ್ಲ. ಸ್ವಿಚ್ ಆರಿಸಿದಳು. ಮಾರನೆಯ ದಿನ ಪೆಡಲನ್ನು ಗೆಳತಿಗೆ ವಾಪಸು ಕೊಟ್ಟು ಬಂದಳು.

ಆಮೇಲೆ ಹದಿನೈದು ದಿನ ಮಾಳಿಗೆಯಿಂದ ಯಾವ ಸದ್ದೂ ಬರಲಿಲ್ಲ. ಬೇಕೆಂದು ಬೇಡಿದ ಶಾಂತಿ ಅದು. ಆದರೆ ಊಟಕ್ಕೆ ಕೂತಾಗ ಎದುರಿನ ತಾಟಿನಲ್ಲಿ ರೊಟ್ಟಿ ಮುರಿಯುವ ಸದ್ದೂ ಕೇಳಿಸುವಷ್ಟು ಮೌನವಾದರೆ ಯಾವ ತಾಯಿಗೂ ತುತ್ತು ಇಳಿಯುವುದಿಲ್ಲ.

ಒಂದು ಮಧ್ಯಾಹ್ನ ಆಕೆಯ ಕೋಣೆ ಗುಡಿಸಲು ಹೋದಾಗ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲವೊಂದು ಬಿಚ್ಚದೇ ಬಿದ್ದಿತ್ತು. ಪೆಡಲನ್ನು ಸ್ವಂತ ಮಾಡಿಕೊಳ್ಳಬೇಕೆಂದು ಹಿಂದೆಯೇ ತಂದಿಟ್ಟ ಸಾಮಾನು. ಅದರಲ್ಲಿ ಅಂಗೈ ಅಗಲದ ಕಂದು ಬಣ್ಣದ ಹಲಗೆ. ಹಲಗೆಯ ತುಂಬ ಸಾಲುಸಾಲಾಗಿ ರಂಧ್ರಗಳು, ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಇಂಚಿನ ಹತ್ತನೇ ಒಂದು ಭಾಗ. ಹಿಂಬದಿಯಲ್ಲಿ ಪ್ರತಿ ರಂಧ್ರದ ಸುತ್ತ ತಾಮ್ರದ ಬಿಲ್ಲೆ. ಪರ್ಫ್ ಬೋರ್ಡ್ ಎಂದು ಅದರ ಹೆಸರು, ಅಂಗಡಿಯವರು ಡಾಟ್ ಬೋರ್ಡ್ ಅನ್ನುತ್ತಾರಂತೆ. ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗ ಮಗಳು ಬಂದಳು.

"ಕಸೂತಿ ಅರಿವಿ ಇದ್ದಂಗ ಐತಲ್ಲ ಇದು" ಎಂದೆ.

ಆಕೆ ಹದಿನೈದು ದಿನಗಳಲ್ಲಿ ಮೊದಲ ಸಲ ನಕ್ಕಳು. "ಹಂಗಾರ ನೀನ ಹಾಕಬೇ ಅವ್ವ."

ಆಕೆ ಚೇಷ್ಟೆಗೆ ಹೇಳಿದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಹೀಗೆ ಐವತ್ತೆಂಟನೆಯ ವಯಸ್ಸಿನಲ್ಲಿ, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು, ನಾನು ಬೆಸುಗೆ ಹಾಕಲು ಕೂತೆ.

ಸಾಮಾನು ಹೆಚ್ಚಿಲ್ಲ. ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು, ತಿರುವುವ ಎರಡು ಗುಂಡಿ. ಒಟ್ಟು ಹನ್ನೊಂದು. ನಮ್ಮ ಒಗ್ಗರಣೆ ಡಬ್ಬಿಯ ಏಳು ಬಟ್ಟಲಿಗಿಂತ ನಾಲ್ಕು ಜಾಸ್ತಿ, ಅಷ್ಟೆ. ಒಂಬತ್ತು ವೋಲ್ಟಿನ ಬ್ಯಾಟರಿ, ಸ್ವಿಚ್ಚು, ಕೇಬಲ್ ಸಿಕ್ಕಿಸುವ ಜಾಕುಗಳು ಬೇರೆ. ಲಂಡನ್ನಿನ ಅರ್ಬಿಟರ್ ಕಂಪನಿ 1966ರಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗಲೂ ಒಳಗಿದ್ದದ್ದು ಇಷ್ಟೇ. ಜಿಮಿ ಹೆಂಡ್ರಿಕ್ಸ್‌ನ ಕಾಲ ಕೆಳಗಿದ್ದ ದುಂಡನೆಯ ಪೆಟ್ಟಿಗೆಯಲ್ಲೂ ಇಷ್ಟೇ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಮಾತಾಡಿದ ಕೃತಿ ಸಾಹಿತ್ಯದಲ್ಲಾದರೆ ವಚನವೊಂದೇ ಇರಬೇಕು.

ಮಗಳು ಎರಡು ಹಾಳೆ ಕೊಟ್ಟಳು. ವಿಮರ್ಶಕಿಯಾಗಿ ಆ ಹಾಳೆಗಳ ಬಗ್ಗೆ ನನಗೆ ಹೇಳುವುದಿದೆ. ಒಂದರಲ್ಲಿ ಹಲಗೆಯ ರಂಧ್ರಗಳನ್ನೇ ಬರೆದು ಯಾವ ಭಾಗದ ಕಾಲು ಯಾವ ರಂಧ್ರದಲ್ಲಿ ಇಳಿಯಬೇಕೆಂದು ತೋರಿಸಿತ್ತು. ಇನ್ನೊಂದರಲ್ಲಿ ಗೆರೆ, ಅಂಕುಡೊಂಕು, ಬಾಣದ ಗುರುತುಗಳ ಮಂಡಲ ಚಿತ್ರ. ಮೊದಲನೆಯದು ಮದುವೆಯ ಪಂಕ್ತಿಯಲ್ಲಿ ಯಾರು ಎಲ್ಲಿ ಕೂತಿದ್ದಾರೆಂದು ಹೇಳಿದರೆ, ಎರಡನೆಯದು ಯಾರು ಯಾರಿಗೆ ಏನಾಗಬೇಕೆಂದು ಹೇಳುತ್ತದೆ. ಹೊಸಬರು ಮೊದಲನೆಯದನ್ನೇ ಹಿಡಿಯುತ್ತಾರೆ, ನಾನೂ ಅದನ್ನೇ ಹಿಡಿದೆ. ಎಣಿಸುವುದು ನನಗೆ ರೂಢಿ. ಮೂರನೆಯ ಸಾಲು, ಐದನೆಯ ರಂಧ್ರ, ಇಳಿಸು, ಬಗ್ಗಿಸು. ಒಂದು ತಾಸಿನಲ್ಲಿ ಎಲ್ಲ ಕೂತವು. ಮೇಲಿನಿಂದ ನೋಡಿದರೆ ನನಗೇ ಹೆಮ್ಮೆಯಾಗುವಷ್ಟು ಅಂದ.

ಬೆಸುಗೆ ಮಾತ್ರ ಅಷ್ಟು ಸಲೀಸಾಗಿ ಒಲಿಯಲಿಲ್ಲ. ಕಾದ ಕಡ್ಡಿಯ ತುದಿಗೆ ಸೀಸದ ತಂತಿ ಹಚ್ಚಿ ಕರಗಿಸಿ ಅದನ್ನು ರಂಧ್ರದ ಮೇಲೆ ಹನಿಸುವುದೆಂದು ನಾನು ತಿಳಿದಿದ್ದೆ. ಹಾಗೆ ಹನಿಸಿದ್ದು ಮುತ್ತಿನಂತೆ ದುಂಡಗೆ ನಿಂತಿತು, ಅಂಟಲಿಲ್ಲ. ಇದಕ್ಕೆ ರಿಪೇರಿಯವರು ಡ್ರೈ ಸೋಲ್ಡರ್ ಅನ್ನುತ್ತಾರೆ. ಕಣ್ಣಿಗೆ ಕೂಡಿದಂತೆ ಕಾಣುತ್ತದೆ, ವಿದ್ಯುತ್ತು ದಾಟುವುದಿಲ್ಲ. ನಿಜವಾದ ಕ್ರಮ ಬೇರೆ. ಕಡ್ಡಿಯ ತುದಿಯನ್ನು ತಾಮ್ರದ ಬಿಲ್ಲೆಗೂ ಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ ಎರಡನ್ನೂ ಕಾಯಿಸಬೇಕು, ಸೀಸದ ತಂತಿಯನ್ನು ಆ ಕಾದ ಜಾಗಕ್ಕೆ ಮುಟ್ಟಿಸಬೇಕು. ಆಗ ಅದು ತಾನಾಗಿ ಹರಿದು ಕಾಲಿನ ಸುತ್ತ ಸಣ್ಣ ಗುಡ್ಡದಂತೆ ಏರಿ ಹೊಳೆಯುತ್ತದೆ. ಹಂಚು ಕಾಯದೇ ದೋಸೆ ಹುಯ್ದರೆ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಹೊಗೆ ಮೂಗಿಗೆ ಹೋಗದಂತೆ ಕಿಟಕಿ ತೆರೆದಿಡಬೇಕು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯದೇ ಅಡಿಗೆಮನೆಗೆ ಹೋಗಬಾರದು, ಸೀಸ ವಿಷ.

ಸಂಜೆ ಬ್ಯಾಟರಿ ಹಚ್ಚಿ ಮಗಳು ತಂತಿ ಮೀಟಿದಳು. ಬಾವಿಯ ತಳದಿಂದ ಯಾರೋ ಕರೆದಂತೆ ಕ್ಷೀಣವಾದ, ಗಂಟಲು ಕಟ್ಟಿದ ದನಿ. ಮೊದಲು ಕರ್ಕಶವೆಂದು ಬೈದವಳು ಈಗ ಅದೇ ಕರ್ಕಶ ಬರಲಿ ದೇವರೇ ಎಂದು ಬೇಡಿಕೊಳ್ಳುವ ಸ್ಥಿತಿಗೆ ಬಂದೆ.

ಮಗಳು ಮೀಟರು ತಂದಳು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನ ಮೇಲೆ ಬ್ಯಾಟರಿಯ ಸುಮಾರು ಅರ್ಧ, ಅಂದರೆ ನಾಲ್ಕೂವರೆ ವೋಲ್ಟು ಇರಬೇಕಂತೆ. ಇದ್ದದ್ದು ಒಂದು ವೋಲ್ಟಿನ ಆಸುಪಾಸು. ಅರ್ಧ ಯಾಕೆ ಎಂದು ಕೇಳಿದೆ. ಜೋಕಾಲಿ ನಡುಮಧ್ಯ ತೂಗಿದರೆ ತಾನೇ ಎರಡೂ ಕಡೆ ಜೀಕಲು ಬರುವುದು, ಒಂದು ಗೋಡೆಗೆ ಆತುಕೊಂಡೇ ಕಟ್ಟಿದರೆ ಹೇಗೆ ಜೀಕೋದು, ಎಂದಳು. ನನ್ನ ಮಗಳು ಇಷ್ಟು ಚೆನ್ನಾಗಿ ಪಾಠ ಹೇಳಬಲ್ಲಳೆಂದು ನನಗೆ ಗೊತ್ತಿರಲಿಲ್ಲ.

ಈಗ ಹಲಗೆಯನ್ನು ತಿರುವಿ ಹಾಕಿದೆವು. ಒಂದೊಂದೇ ಬೆಸುಗೆ ನೋಡುತ್ತ ಬಂದೆವು, ಎಲ್ಲ ಸರಿ ಇದ್ದವು. ಕೊನೆಗೆ ಎರಡನೆಯ ಹಾಳೆ ಹಿಡಿದು ಯಾರು ಯಾರಿಗೆ ಏನಾಗಬೇಕೆಂದು ಓದಿದಾಗ ತಪ್ಪು ಸಿಕ್ಕಿತು. ಬಿಸಿ 108 ಎಂಬ ಆ ಟ್ರಾನ್ಸಿಸ್ಟರು ಪುಟ್ಟ ಲೋಹದ ಟೋಪಿ ಹಾಕಿದಂತೆ ಇರುತ್ತದೆ, ಕೆಳಗೆ ಮೂರು ಕಾಲು. ಕಾಲುಗಳ ಚಿತ್ರವನ್ನು ಹಾಳೆಯ ಮೂಲೆಯಲ್ಲಿ ಕೊಟ್ಟಿದ್ದರು. ಆ ಚಿತ್ರ ಕೆಳಗಿನಿಂದ ಕಂಡಂತೆ ಬರೆದದ್ದು. ಹಾಗೆಂದು ಇರುವೆಯ ಅಕ್ಷರದಲ್ಲಿ ಹೇಳಿಯೂ ಇತ್ತು. ನಾನು ಮೇಲಿನಿಂದ ಕಂಡಂತೆ ಎಂದು ಓದಿದ್ದೆ. ಕೆಳಗಿನಿಂದ ನೋಡಿದರೆ ಎಡ ಇದ್ದದ್ದು ಮೇಲಿನಿಂದ ಬಲ. ಮೊದಲನೆಯ ಟ್ರಾನ್ಸಿಸ್ಟರಿನ ಎರಡು ಕಾಲು ಅದಲುಬದಲಾಗಿದ್ದವು. ಎರಡನೆಯದನ್ನು ಮಗಳು ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದರಿಂದ ಸರಿಯಾಗಿತ್ತು. ಟೋಪಿಯ ಅಂಚಿನಲ್ಲಿ ಮೂಗಿನಂತೆ ಚಾಚಿದ ಒಂದು ಚೂರು ಇರುತ್ತದೆ, ಎಮಿಟರ್ ಎಂಬ ಕಾಲು ಅದರ ಹತ್ತಿರದ್ದು. ಅದು ಅಲಂಕಾರಕ್ಕೆಂದು ನಾನು ತಿಳಿದಿದ್ದೆ. ಹೀಗೆ ತಿರುಗಾಮುರುಗಾ ಕೂತ ಟ್ರಾನ್ಸಿಸ್ಟರು ಪೂರ್ತಿ ಸಾಯುವುದಿಲ್ಲ, ಬಲ ಕಳೆದುಕೊಂಡು ಅರೆಜೀವದಲ್ಲಿ ಕೆಲಸ ಮಾಡುತ್ತದೆ.

ಕಸೂತಿಗೂ ಈ ಕೆಲಸಕ್ಕೂ ಇರುವ ಭೇದ ಆಗ ತಿಳಿಯಿತು. ಗವಂತಿಯಲ್ಲಿ ಮುಂದಿನದೇ ಹಿಂದಿನದು. ಇಲ್ಲಿ ಹಿಂದಿನದು ಮುಂದಿನದರ ಕನ್ನಡಿ. ಮುಂದೆ ನೋಡುತ್ತ ಹಿಂದಿನದನ್ನು ಊಹಿಸಿದರೆ ಸೋಲುವುದು ಖಂಡಿತ. ಟ್ರಾನ್ಸಿಸ್ಟರು ಬಿಚ್ಚುವಾಗ ಒಂದೇ ಜಾಗವನ್ನು ಬಹಳ ಹೊತ್ತು ಕಾಯಿಸಿದ್ದರಿಂದ ಒಂದು ತಾಮ್ರದ ಬಿಲ್ಲೆ ಹಲಗೆಯಿಂದಲೇ ಕಿತ್ತು ಬಂತು. ಪಕ್ಕದ ರಂಧ್ರದಿಂದ ಸಣ್ಣ ತಂತಿ ಎಳೆದು ತೇಪೆ ಹಾಕಿದೆವು. ಆ ತೇಪೆ ಈಗಲೂ ಇದೆ. ಅಜ್ಜಿ ನೋಡಿದ್ದರೆ ಸೀರೆ ವಾಪಸು ಎಸೆಯುತ್ತಿದ್ದಳು. ವಿದ್ಯುತ್ತು ಮಾತ್ರ ಏನೂ ಅನ್ನದೆ ದಾಟಿಕೊಂಡಿತು.

ಆದರೂ ಕಲೆಕ್ಟರಿನ ಮೇಲೆ ಮೂರರ ಮೇಲೆ ಚೂರು ಬಂತೇ ಹೊರತು ನಾಲ್ಕೂವರೆಯ ಹತ್ತಿರ ಹೋಗಲಿಲ್ಲ. ದನಿ ಬಂತು, ಆದರೆ ಮೀಟಿದ ಸ್ವರ ನಿಲ್ಲದೆ ಬಿಕ್ಕಳಿಸಿ ಕಡಿದುಹೋಗುತ್ತಿತ್ತು. ಹಾಳೆಯ ಪ್ರಕಾರ ಎಲ್ಲ ಸರಿ. ಇದು ಆ ಹಾಳೆಯ ಮೇಲಿನ ನನ್ನ ಮುಖ್ಯ ಆಕ್ಷೇಪ. ಟ್ರಾನ್ಸಿಸ್ಟರುಗಳು ಒಂದೇ ಕಾರ್ಖಾನೆಯಿಂದ, ಒಂದೇ ನಂಬರು ಹೊತ್ತು ಬಂದರೂ ಒಂದರ ಬಲ ಇನ್ನೊಂದಕ್ಕಿಲ್ಲ. ಆದ್ದರಿಂದ ಅವಕ್ಕೆ ತಕ್ಕಂತೆ ರೆಸಿಸ್ಟರನ್ನು ಬದಲಿಸಬೇಕಾಗುತ್ತದೆ. ಇದನ್ನು ಆ ಹಾಳೆ ಹೇಳುವುದೇ ಇಲ್ಲ. 8.2 ಕೆ ಎಂದು ಅಪ್ಪಣೆ ಕೊಟ್ಟು ಸುಮ್ಮನಾಗುತ್ತದೆ. ನಮ್ಮ ಅಡಿಗೆ ಪುಸ್ತಕಗಳನ್ನು ನಾವು ಎಷ್ಟೇ ಹಾಸ್ಯ ಮಾಡಲಿ, ಅವು "ಉಪ್ಪು ರುಚಿಗೆ ತಕ್ಕಷ್ಟು" ಎಂದು ಬರೆಯುವಷ್ಟು ವಿನಯ ಇಟ್ಟುಕೊಂಡಿವೆ. ಕಾರಣ ಹೇಳದೆ ಕ್ರಮ ಮಾತ್ರ ಹೇಳುವ ಪಾಠ ಕಲಿಯುವವರನ್ನು ನಂಬುವುದಿಲ್ಲ. ತಪ್ಪಾದರೆ ಅವರು ತಮ್ಮ ಕೈಯನ್ನೇ ಶಪಿಸಿಕೊಂಡು ಎದ್ದುಹೋಗುತ್ತಾರೆ. ಹುಡುಗಿಯರಂತೂ, "ಇದು ನಮ್ಮ ಕೈಲಾಗುವ ಕೆಲಸ ಅಲ್ಲ" ಎಂದು ಮೊದಲೇ ಹೇಳಿಸಿಕೊಂಡು ಬಂದವರು, ಬೇಗ ಎದ್ದುಹೋಗುತ್ತಾರೆ.

ಮರುದಿನ ತಾಯಿ ಮಗಳು ಇಬ್ಬರೂ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆವು. ಹಳೆಯ ರೇಡಿಯೋ ಸಾಮಾನಿನ ಅಂಗಡಿಯ ಯಜಮಾನರು ಮಗಳ ಕಡೆ ನೋಡದೆ ನನ್ನನ್ನೇ, "ಏನ ಬೇಕ್ರಿ ಅಕ್ಕಾರ, ಮಗಗ ಪ್ರಾಜೆಕ್ಟೇನ್ರಿ?" ಎಂದರು. "ನನಗರಿ" ಎಂದೆ. 6.8 ಕೆ ರೆಸಿಸ್ಟರಿನ ಜೊತೆಗೆ ಅವರು ಒಂದು ಖಾನೆ ಎಳೆದು ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತೋರಿಸಿದರು, ಹಳೆಯ ರೇಡಿಯೋಗಳಿಂದ ಬಿಚ್ಚಿ ಇಟ್ಟವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1962ರಲ್ಲಿಯೇ ಜರ್ಮೇನಿಯಂ ಸಾಧನಗಳ ತಯಾರಿಕೆ ಸುರು ಮಾಡಿತ್ತು. ಫಝ್ ಫೇಸ್ ಕೂಡ ಮೊದಲು ಹುಟ್ಟಿದ್ದು ಜರ್ಮೇನಿಯಂನಲ್ಲಿ, ಸಿಲಿಕಾನಿನ ಬಿಸಿ 108 ಆಮೇಲೆ ಬಂದದ್ದು. ಬಲ್ಲವರು ಜರ್ಮೇನಿಯಂ ದನಿ ಮೆತ್ತಗೆ, ಸಿಲಿಕಾನಿನದು ಚೂಪು ಎನ್ನುತ್ತಾರೆ. ಆದರೆ ಜರ್ಮೇನಿಯಂಗೆ ಸೆಕೆ ಆಗುವುದಿಲ್ಲ, ಬಿಸಿ ಏರಿದಂತೆ ಒಳಗೊಳಗೇ ಸೋರಿಕೆ ಹೆಚ್ಚಿ ಹದ ಕೆಡುತ್ತದೆ. ನಮ್ಮ ಏಪ್ರಿಲ್ ತಿಂಗಳ ಮಾಳಿಗೆಗೆ ಅದು ತಕ್ಕದ್ದಲ್ಲವೆಂದು ಕೈಮುಗಿದು ಬಂದೆವು.

6.8 ಕೆ ಹಾಕಿದ ಮೇಲೆ ಮೀಟರಿನಲ್ಲಿ ನಾಲ್ಕು ಚಿಲ್ಲರೆ ಬಂತು. ಮಗಳು ಆರನೆಯ ತಂತಿ ಮೀಟಿದಳು.

ಆ ದನಿಯನ್ನು ಈ ಸಲ ನಾನು ನಿಂತು ಕೇಳಿದೆ. ಅದು ಬಂದ ದಾರಿ ಗೊತ್ತಿದ್ದರಿಂದಲೋ ಏನೋ, ಅದರೊಳಗೆ ಏನೇನಿದೆ ಎಂದು ಕಿವಿ ಹುಡುಕಲು ಸುರು ಮಾಡಿತು. ಒಂಬತ್ತು ವೋಲ್ಟಿನ ಮನೆಯಲ್ಲಿ ಹಿಡಿಸದಷ್ಟು ಎತ್ತರಕ್ಕೆ ಟ್ರಾನ್ಸಿಸ್ಟರುಗಳು ಅಲೆಯನ್ನು ಎಬ್ಬಿಸುತ್ತವೆ. ಸೂರಿಗೆ ತಾಗಿ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟಿನ ಮೇಲುಸ್ವರಗಳು ಹೊಸದಾಗಿ ಹುಟ್ಟುತ್ತವೆ. ನಾನು ಕರ್ಕಶವೆಂದದ್ದು ಈ ಮೇಲುಸ್ವರಗಳ ಗುಂಪನ್ನು. ಇದೇ ಮೇಲುಸ್ವರಗಳಿಗಾಗಿ ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಎಳೆ ದಾರ ಸಿಕ್ಕಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿ, ತಂತಿ ಕುದುರೆಯನ್ನು ಸವರಿ ಜುಂಯ್‌ಗುಡುವಂತೆ ಮಾಡುತ್ತೇವೆ. ಜವಾರಿ ಹಿಡಿಯಿತು ಎಂದು ಸಂತೋಷಪಡುತ್ತೇವೆ. ಆ ದಾರದ ಹೆಸರೇ ಜೀವ. ತಂತಿ ಕುದುರೆಗೆ ಉಜ್ಜುವುದನ್ನು ಜೀವ ಎಂದು ಕರೆದ ನಾವು ಟ್ರಾನ್ಸಿಸ್ಟರು ಅದನ್ನೇ ಮಾಡಿದಾಗ ಮಿಕ್ಸರ್ ಕೆಟ್ಟಿದೆ ಅನ್ನುತ್ತೇವೆ.

ಹೀಗೆಂದು ಎರಡೂ ಒಂದೇ ಎನ್ನುವಷ್ಟು ನಾನು ಮೆತ್ತಗಾಗಿಲ್ಲ. ತಂಬೂರಿಯ ನಾಲ್ಕು ತಂತಿಗೂ ತನ್ನ ತನ್ನ ಜವಾರಿ ಇರುತ್ತದೆ, ಒಂದರ ಗೊಡವೆ ಒಂದಕ್ಕಿಲ್ಲ. ಫಝ್ ಡಬ್ಬಿಯಲ್ಲಿ ಆರೂ ತಂತಿ ಒಂದೇ ಗಂಟಲಿನಿಂದ ಹಾಯಬೇಕು. ಆದ್ದರಿಂದ ಒಂಟಿ ಸ್ವರ ನುಡಿಸಿದರೆ ತುಂಬಿದ ಶಹನಾಯಿಯಂತೆ ಕೇಳುತ್ತದೆ, ಷಡ್ಜ ಪಂಚಮ ಜೋಡಿಸಿದರೂ ಗಟ್ಟಿಯಾಗಿ ನಿಲ್ಲುತ್ತದೆ. ಪೂರ್ತಿ ಕಾರ್ಡ್ ಬಾರಿಸಿದರೆ ಸ್ವರಗಳು ಒಂದನ್ನೊಂದು ಕಲಸಿ, ಯಾರೂ ನುಡಿಸದ ಬೇರೆ ಸ್ವರಗಳು ನಡುವೆ ಹುಟ್ಟಿ ರಾಡಿಯಾಗುತ್ತದೆ. ಮಗಳು ಮೊದಲೆಲ್ಲ ಬಾರಿಸುತ್ತಿದ್ದುದು ಈ ಪೂರ್ತಿ ಕಾರ್ಡುಗಳನ್ನೇ. ನನ್ನ ಕಿವಿ ಪೂರ್ತಿ ತಪ್ಪಿರಲಿಲ್ಲ, ತಪ್ಪಿದ್ದು ತೀರ್ಪಿನ ಅವಸರ. ಇದನ್ನು ಹೇಳಿದಾಗ ಆಕೆ ವಾದಿಸಲಿಲ್ಲ. ಗಿಟಾರಿನ ಮೇಲಿನ ಗುಂಡಿಯನ್ನು ಚೂರು ಇಳಿಸಿದಳು. ಒರಟುತನ ಕರಗಿ ಬಹುಮಟ್ಟಿಗೆ ತಿಳಿಯಾದ ದನಿ ಬಂತು. ಪೆಡಲನ್ನು ಮುಟ್ಟದೆ ಬೆರಳಿನ ಮೆಲುಪಿನಿಂದಲೇ ಅದನ್ನು ಅಂಕೆಯಲ್ಲಿಡಬಹುದು. ಇದು ಈ ಕೃತಿಯ ದೊಡ್ಡ ಗುಣ. ಹನ್ನೊಂದು ಸಾಮಾನಿನಲ್ಲಿ ಇಷ್ಟು ಸೂಕ್ಷ್ಮ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಇಂಥ ದನಿ ಹುಟ್ಟಿದ್ದೇ ಒಂದು ಕೆಟ್ಟುಹೋದ ಸಾಮಾನಿನಿಂದ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಮಾರ್ಟಿ ರಾಬಿನ್ಸ್‌ನ ಹಾಡೊಂದರ ಧ್ವನಿಮುದ್ರಣ ನಡೆದಾಗ ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ತಂತಿಯ ಭಾಗ ಯಂತ್ರದ ದೋಷದಿಂದ ಹರಿದ ದನಿಯಲ್ಲಿ ದಾಖಲಾಯಿತು. ಅದನ್ನು ಹಾಗೆಯೇ ಉಳಿಸಿಕೊಂಡರು, 1961ರಲ್ಲಿ ಆ ಹಾಡು ಜನಪ್ರಿಯವಾಯಿತು. ಧ್ವನಿಮುದ್ರಣದ ಗ್ಲೆನ್ ಸ್ನಾಡಿ ಆ ದೋಷವನ್ನು ಬೇಕೆಂದಾಗ ಹುಟ್ಟಿಸುವ ಮಂಡಲವನ್ನು ಗೆಳೆಯನೊಂದಿಗೆ ರೂಪಿಸಿದ. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮಾಯೆಸ್ಟ್ರೋ ಫಝ್ ಟೋನ್ ಎಂಬ ಪೆಟ್ಟಿಗೆಯಾಗಿ ಹೊರತಂದಿತು. ಗಿಟಾರಿನಿಂದ ತುತ್ತೂರಿಯ ದನಿ ಬರುತ್ತದೆಂದು ಹೇಳಿ ಮಾರಿದರು, ಜನ ಅಷ್ಟಾಗಿ ಕೊಳ್ಳಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಕೀತ್ ರಿಚರ್ಡ್ಸ್ ಅದನ್ನು ಬಳಸಿದ ಮೇಲೆ ಎಲ್ಲರಿಗೂ ಬೇಕಾಯಿತು. ಆತನೂ ಅದನ್ನು ಹಾಕಿದ್ದು ಮುಂದೆ ಬರಬೇಕಾದ ತುತ್ತೂರಿಗಳ ಜಾಗ ಗುರುತಿಸಲು. ಕಚ್ಚಾ ಕರಡೇ ಕೃತಿಯಾಗಿ ನಿಂತಿತು.

ಇದನ್ನು ಓದುವಾಗ ನಾನು ಮಗಳಿಗೆ ಬೈಯುವಾಗ ಯಾರ ಹೆಸರು ಹೇಳಿದ್ದೆನೆಂದು ನೆನಪಾಗಿ ಮುಖ ಸಣ್ಣದಾಯಿತು. ಗಂಗೂಬಾಯಿ ಹಾನಗಲ್ಲರ ಎಳೆಯ ವಯಸ್ಸಿನ ದನಿ ತೆಳ್ಳಗಿತ್ತು. ಗಂಟಲಿನ ಬೇನೆ, ಅದರ ಚಿಕಿತ್ಸೆಯ ನಂತರ ಅದು ದಪ್ಪವಾಯಿತು, ಗಂಡುದನಿ ಅನ್ನಿಸಿಕೊಂಡಿತು. ಹೆಣ್ಣಿನ ದನಿ ಹೀಗಿರಬೇಕು ಎಂದು ಮೊದಲೇ ತೀರ್ಮಾನಿಸಿ ಕೂತವರು ಆಗ ಎದ್ದುಹೋಗಿದ್ದರೆ ನಷ್ಟ ಅವರದೇ. ಆಕೆಯ ಹೆಸರನ್ನು ಕೋಲು ಮಾಡಿಕೊಂಡು ನಾನು ಇನ್ನೊಬ್ಬಳ ಬಾಯಿ ಮುಚ್ಚಿಸಿದ್ದೆ.

ಇನ್ನು ಹಲಗೆಯ ಬೆನ್ನಿನ ವಿಷಯ ಒಂದು ಉಳಿದಿದೆ. ಈ ಸಂಗೀತದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಬರಹಗಳನ್ನು ಮಗಳು ಒಂದಷ್ಟು ಓದಲು ಕೊಟ್ಟಳು. ಎಲ್ಲದರಲ್ಲೂ ನುಡಿಸಿದ ಗಂಡಸರು, ಕಂಪನಿ ಕಟ್ಟಿದ ಗಂಡಸರು. ಆದರೆ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನ ಫೆಂಡರ್ ಕಾರ್ಖಾನೆಯಲ್ಲಿ 1950ರ ದಶಕದಲ್ಲಿ ತಯಾರಾದ ಆಂಪ್ಲಿಫೈಯರುಗಳನ್ನು ಬಿಚ್ಚಿದರೆ ಒಳಗೆ ಕಾಗದದ ಟೇಪಿನ ತುಂಡು ಸಿಗುತ್ತದೆ. ಮೇಲೆ ಕೈಬರಹದಲ್ಲಿ ಲಿಲಿ, ಲುಪೆ ಎಂಬ ಹೆಸರುಗಳು. ವೈರು ಬೆಸೆದ ಹೆಂಗಸರ ಹೆಸರುಗಳವು. ಅದೇ ಕಾರ್ಖಾನೆಗೆ 1956ರಲ್ಲಿ ಸೇರಿದ ಅಬಿಗೇಲ್ ಇಬಾರಾ ಎಂಬಾಕೆ ಗಿಟಾರಿನ ತಂತಿಯ ಕೆಳಗಿನ ಆ ಸುರುಳಿಗಳನ್ನು ದಶಕಗಳ ಕಾಲ ಸುತ್ತಿದಳು. ಆಕೆ ಸುತ್ತಿದ ಸುರುಳಿ ಬೇಕೆಂದು ನುಡಿಸುವವರು ಹುಡುಕಿಕೊಂಡು ಬರುವಂತಾಯಿತು. ಡಬ್ಬಿಯ ಮುಖ ಮಾತ್ರ ನೋಡುವ ವಿಮರ್ಶೆಗೆ ಈ ಹೆಸರುಗಳು ಕಾಣುವುದಿಲ್ಲ. ಕಸೂತಿ ಹಾಕಿದವರ ಹೆಸರನ್ನು ನಾವಾದರೂ ಯಾವ ಸೀರೆಯ ಮೇಲೆ ಬರೆದಿದ್ದೇವೆ?

ಹಲಗೆಯನ್ನು ಕೂಡಿಸಲು ಮಗಳು ಪೆಟ್ಟಿಗೆ ಹುಡುಕುತ್ತಿದ್ದಳು. ಲೋಹದ್ದೇ ಆಗಬೇಕು, ಅದನ್ನು ಮಂಡಲದ ನೆಲಕ್ಕೆ ಜೋಡಿಸಿದರೆ ಮನೆಯ ಕರೆಂಟಿನ ಗುಂಯ್ ಒಳಗೆ ನುಸುಳುವುದಿಲ್ಲ. ಅಜ್ಜಿಯ ಕಸೂತಿ ದಾರದ ದುಂಡನೆಯ ಸ್ಟೀಲ್ ಡಬ್ಬಿ ಕೊಟ್ಟೆ. ಓಣಿಯ ತುದಿಯ ವರ್ಕ್‌ಶಾಪಿನಲ್ಲಿ ಐದು ತೂತು ಕೊರೆಸಿಕೊಂಡು ಬಂದಳು. ಮೊದಲನೆಯ ಫಝ್ ಫೇಸ್ ಕೂಡ ದುಂಡಗೇ ಇತ್ತಲ್ಲ.

ವಿಮರ್ಶಕಿಯ ಪದ್ಧತಿಯಂತೆ ಕೊನೆಗೆ ಗುಣದೋಷ ಹೇಳಬೇಕು. ಈ ಕೃತಿ ಒಂಟಿ ಸ್ವರದಲ್ಲಿ ಶ್ರೇಷ್ಠ, ಗುಂಪಿನಲ್ಲಿ ಎಡವುತ್ತದೆ. ಬ್ಯಾಟರಿ ತಾಳಿಕೆಯ ದೃಷ್ಟಿಯಿಂದ ಮಿತವ್ಯಯಿ. ಹೊಸಬರಿಗೆ ಮಾಡಲು ತಕ್ಕದ್ದು, ಆದರೆ ಕಾಲುಗಳ ಚಿತ್ರ ಯಾವ ಬದಿಯಿಂದ ಬರೆದದ್ದೆಂದು ನೋಡದೆ ಕೈಹಾಕಬಾರದು, ಮೀಟರಿಲ್ಲದೆ ಮುಗಿಸಬಾರದು. ರಾತ್ರಿ ಎಂಟರ ಮೇಲೆ ನುಡಿಸಬಾರದೆಂದು ಬಾಜೂ ಮನೆಯವರೊಂದಿಗೆ ಒಪ್ಪಂದವಾಗಿದೆ. ನನಗೆ ಈಗಲೂ ರಾತ್ರಿ ಮಲಗುವ ಮುಂಚೆ ಕೇಳಲು ಬೇಕಾದದ್ದು ಮನಸೂರರೇ. ಕರ್ಕಶ ಎಂಬ ಶಬ್ದವನ್ನು ಮಾತ್ರ ನಾನು ವಾಪಸು ತೆಗೆದುಕೊಂಡಿದ್ದೇನೆ, ಮಗಳ ಮುಖಕ್ಕೇ ಹೇಳಿ.

ಆ ರಾತ್ರಿ ಆಕೆ ನೌಕರಿ ಬಿಟ್ಟ ಕಾರಣ ಹೇಳಿದಳು. ಅದು ಆಕೆಯ ಮಾತು, ಇಲ್ಲಿ ಬರೆಯುವುದಿಲ್ಲ. ಕೇಳುತ್ತ ಕೂತಾಗ ನಡುವೆ ಬಾಯಿ ಹಾಕದಿರಲು ನನಗೆ ಬಹಳ ಕಷ್ಟವಾಯಿತು, ಆದರೂ ಹಾಕಲಿಲ್ಲ.

ಮಾರನೆಯ ದಿನ ಡಬ್ಬಿಯ ಮುಚ್ಚಳ ಹಾಕುವ ಮುಂಚೆ ಮಗಳು ಒಂದು ಟೇಪಿನ ತುಂಡು ಹರಿದು, ಪೆನ್ನು ನನ್ನ ಕೈಗೆ ಕೊಟ್ಟಳು. "ಬರೀಬೇ." ನಾನು ಹೆಸರು ಬರೆದೆ. ತೇಪೆ ಹಾಕಿದ ಬೆಸುಗೆಯ ಪಕ್ಕದಲ್ಲಿ ಆಕೆ ಅದನ್ನು ಅಂಟಿಸಿದಳು. ಆಮೇಲೆ ಏನೋ ನೆನಪಾದಂತೆ ಪೆನ್ನು ವಾಪಸು ಇಸಿದುಕೊಂಡು, ನನ್ನ ಹೆಸರಿನ ಕೆಳಗೆ ಅಜ್ಜಿಯ ಹೆಸರನ್ನೂ ಬರೆದಳು.